ನೆರೆ ಇಳಿದ ಮೇಲೆ ಹೊಟ್ಟೆಯ ಕಾವಲು

ಕೃಷ್ಣೆಗೆ ಮಹಾಪೂರ ಬಂದಾಗ ಬೆಳಗಾವಿ ಜಿಲ್ಲೆಯ ಯಡೂರು, ಅಂಕಲಿ, ಬಾವನಸೌಂದತ್ತಿ, ದಿಗ್ಗೇವಾಡಿ ಕಡೆಗೆ ಕ್ಯಾಮೆರಾಗಳು ಬರುತ್ತವೆ. 2005, 2019, 2021ರಲ್ಲಿ ಮುಳುಗಿದ ಸೇತುವೆ, ಕೊಳೆತ ಕಬ್ಬು, ಕಾಳಜಿ ಕೇಂದ್ರದ ಊಟದ ಸಾಲು ಎಲ್ಲವೂ ಸುದ್ದಿಯಾದವು. ನೀರು ಇಳಿದ ಮೇಲೆ ಆ ಕಡೆ ತಿರುಗಿ ನೋಡುವವರು ಕಡಿಮೆ. ವಾಂತಿಭೇದಿಯ ಕಾಲ ಶುರುವಾಗುವುದೇ ಆಗ.

ಇಲ್ಲಿಗೆ ಬರುವ ಕೃಷ್ಣೆ ಬರೀ ಮಹಾಬಳೇಶ್ವರದ ಮಳೆನೀರಲ್ಲ. ಕೊಲ್ಹಾಪುರ, ಇಚಲಕರಂಜಿಯ ಕೊಳಚೆ ಹೊತ್ತ ಪಂಚಗಂಗೆ ನರಸೋಬವಾಡಿಯಲ್ಲಿ ಕೂಡಿಕೊಂಡ ಮೇಲೆ ನದಿ ಗಡಿ ದಾಟುತ್ತದೆ. ಮಳೆಗಾಲದಲ್ಲಿ ಚರಂಡಿ, ನಲ್ಲಿ ಪೈಪು, ಬಾವಿ ಎಲ್ಲವನ್ನೂ ಒಂದು ಮಾಡುವ ಈ ನದಿ ಬಿರುಬೇಸಿಗೆಯಲ್ಲಿ ಮಡುಗಳಾಗಿ ನಿಂತುಬಿಡುತ್ತದೆ. ಆಗ ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುವ ಸರದಿ ನಮ್ಮದು.

ಆದರೂ ಒಂದೇ ನಲ್ಲಿಯ ನೀರು ಕುಡಿದವರಲ್ಲಿ ಕೆಲವರಷ್ಟೇ ಮಲಗುತ್ತಾರೆ. ರೋಗಾಣು ಹೊಟ್ಟೆಗೆ ಹೋದ ಮಾತ್ರಕ್ಕೆ ರೋಗ ಬರುವುದಿಲ್ಲ. ಅದು ಅಲ್ಲಿ ನೆಲೆ ಊರಬೇಕು. ಮೊದಲ ತಡೆ ಜಠರದ ಆಮ್ಲ. ಅಮೆರಿಕದಲ್ಲಿ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ ಕಾಲರಾ ಬರಿಸಲು ಹತ್ತು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಬೇಕಾದವು. ಸೋಡಾ ಕೊಟ್ಟು ಆಮ್ಲ ತಗ್ಗಿಸಿದಾಗ ಹತ್ತು ಲಕ್ಷ ಸಾಕಾಯಿತು. ಬೆಳಗಾದರೆ ಗ್ಯಾಸಿನ ಗುಳಿಗೆ ನುಂಗುವವರು ಈ ಲೆಕ್ಕ ನೆನಪಿಡಬೇಕು. ರಕ್ತಭೇದಿ ತರುವ ಶಿಗೆಲ್ಲಾಗೆ ಈ ಆಮ್ಲದ ಅಂಜಿಕೆಯೂ ಅಷ್ಟಿಲ್ಲ, ನೂರರೊಳಗಿದ್ದರೂ ಅದು ಕೆಲಸ ಸಾಧಿಸುತ್ತದೆ.

ಆಮ್ಲ ದಾಟಿ ಬಂದವಕ್ಕೆ ಎದುರಾಗುವುದು ಕರುಳಿನ ಮೂಲನಿವಾಸಿಗಳು. ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ಮೊದಲೇ ಅಲ್ಲಿ ಜಾಗ ಹಿಡಿದು, ಸಿಕ್ಕ ಅನ್ನವನ್ನೆಲ್ಲ ಹಂಚಿಕೊಂಡಿರುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟ ಬಸ್ಸಿನಲ್ಲಿ ನಡುದಾರಿಯಲ್ಲಿ ಹತ್ತಿದವನಿಗೆ ಸೀಟು ಸಿಕ್ಕೀತೇ? ಷಿಕಾಗೊ ವಿಶ್ವವಿದ್ಯಾಲಯದ ಬಾನ್‌ಹಾಫ್ ಮತ್ತು ಮಿಲ್ಲರ್ 1950ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳು ಇದನ್ನು ಅಂಕಿಯಲ್ಲೇ ತೋರಿಸಿದವು. ಇಲಿಗಳಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿಸಲು ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾ ಬೇಕಿದ್ದವು. ಮೊದಲು ಒಂದು ಡೋಸ್ ಸ್ಟ್ರೆಪ್ಟೊಮೈಸಿನ್ ಕೊಟ್ಟು ಕರುಳಿನ ನಿವಾಸಿಗಳನ್ನು ಕೊಂದರೆ, ಹತ್ತಕ್ಕಿಂತ ಕಡಿಮೆ ಸಾಕಾದವು. ಲಕ್ಷದಿಂದ ಹತ್ತಕ್ಕೆ!

ಜಾಗ ಸಿಕ್ಕಮೇಲೆ ರೋಗಾಣುಗಳ ಚಾಣಾಕ್ಷತನ ಬೆರಗು ಹುಟ್ಟಿಸುತ್ತದೆ. ಕಾಲರಾ ಬ್ಯಾಕ್ಟೀರಿಯಾ ಸಣ್ಣ ಎಳೆಗಳನ್ನು ಚಾಚಿ ಒಂದಕ್ಕೊಂದು ಹೆಣೆದುಕೊಂಡು ಸಣ್ಣ ಕರುಳಿನ ಗೋಡೆಗೆ ಅಂಟುತ್ತದೆ, ಬಳಿಕ ವಿಷ ಬಿಡುತ್ತದೆ. ಈ ವಿಷವನ್ನು 1959ರಲ್ಲಿ ಕಂಡುಹಿಡಿದವರು ಕಲ್ಕತ್ತದ ಶಂಭುನಾಥ ಡೇ. ನಮ್ಮ ದೇಶ ಅವರನ್ನು ನೆನೆದದ್ದು ತೀರ ಕಡಿಮೆ. ಮಕ್ಕಳಲ್ಲಿ ಭೇದಿ ತರುವ ಒಂದು ಬಗೆಯ ಇ-ಕೊಲೈ ತಾನು ಹಿಡಿದುಕೊಳ್ಳಬೇಕಾದ ಪ್ರೋಟೀನನ್ನು ತಾನೇ ತಯಾರಿಸಿ, ನಮ್ಮ ಜೀವಕೋಶದೊಳಗೆ ಚುಚ್ಚಿ, ಆಮೇಲೆ ಅದಕ್ಕೇ ಜೋತುಬೀಳುತ್ತದೆ. ಸಾಲ್ಮೊನೆಲ್ಲಾ ಇನ್ನೂ ಪಾಕಡಾ. ಬೇಕೆಂದೇ ಕರುಳಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಆ ಉರಿಯಲ್ಲಿ ಹುಟ್ಟುವ ಟೆಟ್ರಾಥಯೊನೇಟ್ ಎಂಬ ರಾಸಾಯನಿಕ ಬಳಸಿ ಉಸಿರಾಡುತ್ತದೆ. ಮೂಲನಿವಾಸಿಗಳಲ್ಲಿ ಹೆಚ್ಚಿನವಕ್ಕೆ ಆ ವಿದ್ಯೆ ಬಾರದು. 2010ರಲ್ಲಿ ಈ ಸಂಗತಿ ಬೆಳಕಿಗೆ ಬಂತು.

ಇದೆಲ್ಲ ಗೊತ್ತಿದ್ದೂ ನಮ್ಮ ಕಡೆ ನಡೆಯುವುದೇನು? ‘ಹೊಟ್ಟಿ ಕೆಟ್ಟೈತಿ, ಒಂದು ಸೂಜಿ ಮಾಡಿಸ್ಕೊಂಡು ಬಾ’ ಎಂಬುದು ಮನೆಮಾತು. ಸೂಜಿಯ ಜೊತೆ ಎರಡು ದಿನದ ಆ್ಯಂಟಿಬಯೊಟಿಕ್ ಗುಳಿಗೆ, ಮೇಲೊಂದು ಗ್ಯಾಸಿನ ಗುಳಿಗೆ. ಎರಡೂ ಕಾವಲನ್ನು ಒಟ್ಟಿಗೇ ಕಳಚಿ, ಮತ್ತೆ ಅದೇ ನಲ್ಲಿಯ ನೀರು ಕುಡಿಯಲು ರೋಗಿಯನ್ನು ಮನೆಗೆ ಕಳಿಸುತ್ತೇವೆ. ಹಲವು ಆ್ಯಂಟಿಬಯೊಟಿಕ್‌ಗಳ ಮಾರಾಟಕ್ಕೆ ಚೀಟಿ, ದಾಖಲೆ ಕಡ್ಡಾಯ ಎನ್ನುವ ಎಚ್‌1 ನಿಯಮ 2014ರಿಂದ ಜಾರಿಯಲ್ಲಿದ್ದರೂ ಕೌಂಟರಿನಲ್ಲಿ ಅದರ ಭಯ ಕಾಣದು. ಸಾಮಾನ್ಯ ನೀರುಭೇದಿಗೆ ಬೇಕಾದದ್ದು ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಝಿಂಕ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಸೋಡಾ ಕದಡಿದ ನೀರಿನಿಂದಲೇ ಕಾಲರಾ ಸಾವುಗಳನ್ನು ತಡೆದು ತೋರಿಸಿದ್ದರು. ಆ್ಯಂಟಿಬಯೊಟಿಕ್ ತೀವ್ರ ಕಾಲರಾಕ್ಕೆ, ರಕ್ತಭೇದಿಗೆ, ಟೈಫಾಯಿಡ್‌ಗೆ, ಅದೂ ವೈದ್ಯರು ನೋಡಿ ಬರೆದಾಗ ಮಾತ್ರ.

ಗುಳಿಗೆಯ ತಪ್ಪನ್ನು ಜನರ ಮೇಲೆ ಹೊರಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರು, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ: ಎರಡೂ ಕಡೆ ಕಲುಷಿತ ನೀರು ಜೀವ ತೆಗೆಯಿತು. ಸಾವಿನ ಬಳಿಕ ಪೈಪು ಅಗೆಯುವುದು, ಪರಿಹಾರ ಘೋಷಿಸುವುದು ರೂಢಿಯಾಗಿಬಿಟ್ಟಿದೆ. ಹೊಟ್ಟೆಗೆ ಹೋಗುವ ರೋಗಾಣುವಿನ ಸಂಖ್ಯೆಯನ್ನು ತಗ್ಗಿಸುವ ಕೆಲಸ ಅದಕ್ಕೂ ಮೊದಲೇ ಆಗಬೇಕು, ಅದು ದುಬಾರಿಯೂ ಅಲ್ಲ. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ದೇಶದ ಮಾನದಂಡ; ಒಂದು ಸಣ್ಣ ಕಿಟ್‌ನಿಂದ ಅಂಗನವಾಡಿ ಕಾರ್ಯಕರ್ತೆಯೂ ಅದನ್ನು ಅಳೆಯಬಲ್ಲಳು. ದಿಗ್ಗೇವಾಡಿ ಸಹಿತ ನದಿದಂಡೆಯ ಎಲ್ಲ ಗ್ರಾಮ ಪಂಚಾಯಿತಿಗಳು ನೆರೆ ಇಳಿದ ದಿನದಿಂದಲೇ ಊರಿನ ಕೊನೆಯ ನಲ್ಲಿಯಲ್ಲಿ ಇದನ್ನು ಪರೀಕ್ಷಿಸಿ, ಆ ದಿನದ ಅಂಕಿಯನ್ನು ಪಂಚಾಯಿತಿ ಫಲಕದ ಮೇಲೆ ಬರೆಯಲಿ. ಬರೆಯದಿದ್ದರೆ ಊರವರು ಕೇಳಲಿ.