ಕಚೇರಿಯ ಮಾತಿಗೆ ಕಚೇರಿಯದೇ ದಾರಿ

ತುಕ್ಕಾನಟ್ಟಿಯಂತಹ ಊರಿನ ಪಂಚಾಯತಿ ಕಚೇರಿಯಿಂದ ಮೂಡಲಗಿಯ ತಾಲೂಕು ಪಂಚಾಯತಿಗೆ, ಕುಡಿಯುವ ನೀರಿನ ವಿಷಯವಾಗಿಯೋ ನರೇಗಾ ಕೂಲಿಯ ವಿಷಯವಾಗಿಯೋ ಒಂದು ಮಾತು ಮುಟ್ಟಬೇಕಾದರೆ, ಅದು ಬಹುಮಟ್ಟಿಗೆ ಪಿಡಿಒ ಅವರ ಸ್ವಂತ ಮೊಬೈಲಿನಿಂದ ಹೊರಟು ಇನ್ನೊಬ್ಬ ಅಧಿಕಾರಿಯ ಸ್ವಂತ ಮೊಬೈಲನ್ನೇ ಸೇರುತ್ತದೆ. ಗ್ರಾಮಪಂಚಾಯತಿಗಳಿಗೆ 100 ಎಂಬಿಪಿಎಸ್ ವೇಗವನ್ನು ಮುಟ್ಟಿಸುವ ಸಂಕಲ್ಪದಿಂದ 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಆಪ್ಟಿಕಲ್ ಫೈಬರ್ ಜಾಲವೂ, ತಾಲೂಕು ಕೇಂದ್ರಗಳನ್ನು ರಾಜಧಾನಿಯೊಡನೆ ಬೆಸೆಯುವ ಕೆಸ್ವಾನ್ ಜಾಲವೂ ಸಾರ್ವಜನಿಕ ದ್ರವ್ಯದಿಂದಲೇ ನಿರ್ಮಿತವಾಗಿರಲು, ಕಚೇರಿಗಳ ಪರಸ್ಪರ ಸಂಭಾಷಣೆ ಹೊರಗಿನ ದಾರಿ ಹಿಡಿಯುವುದು ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆಯೇ ಸರಿ.

ಈ ಸರ್ಕಾರಿ ಒಳಜಾಲದಲ್ಲಿಯೇ ಕಚೇರಿಗಳು ಪರಸ್ಪರ ಮಾತನಾಡಬಹುದು. ವಿಒಐಪಿ ಎಂಬ ವಿಧಾನದಲ್ಲಿ ಧ್ವನಿಯು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಪ್ರತಿಯೊಂದೂ ತನ್ನ ವಿಳಾಸವನ್ನು ಹೊತ್ತು, ಕಡತ ಸಾಗುವ ಜಾಲದಲ್ಲಿಯೇ ಸಾಗುತ್ತದೆ. ಒಂದು ಕರೆಗೆ ಸೆಕೆಂಡಿಗೆ 100 ಕಿಲೋಬಿಟ್‌ಗಿಂತ ಹೆಚ್ಚು ಬೇಡವಾದುದರಿಂದ, ಹತ್ತು ಕರೆಗಳು ಏಕಕಾಲಕ್ಕೆ ನಡೆದರೂ 100 ಎಂಬಿಪಿಎಸ್‌ನಲ್ಲಿ ವ್ಯಯವಾಗುವುದು ನೂರರಲ್ಲೊಂದು ಪಾಲು ಮಾತ್ರ.

ಇದರಿಂದಾಗುವ ಹಣದ ಉಳಿತಾಯವನ್ನು ನಾನು ಮುಖ್ಯವೆಂದು ಎಣಿಸಲಾರೆ; ಮುಖ್ಯವಾದುದು ಬೇರೆಯೇ ಇದೆ. ಇಂದು ಅಧಿಕಾರಿಯೊಬ್ಬರು ವರ್ಗವಾಗಿ ಹೋದರೆ ಅವರ ಮೊಬೈಲ್ ಸಂಖ್ಯೆಯೂ ಅವರೊಡನೆಯೇ ಹೊರಟುಹೋಗುತ್ತದೆ. ಹೊಸದಾಗಿ ಬಂದವರ ಸಂಖ್ಯೆಯನ್ನು ಊರೂರಿನ ಗುಮಾಸ್ತರು ಕೇಳಿ ಬರೆದುಕೊಳ್ಳಬೇಕು. ಒಳಜಾಲದ ಸಂಖ್ಯೆಯಾದರೋ ವ್ಯಕ್ತಿಗೆ ಸೇರಿದುದಲ್ಲ, ಮೇಜಿಗೆ ಸೇರಿದುದು. ಆ ಮೇಜಿನಲ್ಲಿ ಯಾರು ಕುಳಿತಿದ್ದರೂ ಅದೇ ಸಂಖ್ಯೆಗೆ ಉತ್ತರಿಸುತ್ತಾರೆ. ಯಾವ ಕಚೇರಿಯಿಂದ ಯಾವ ಕಚೇರಿಗೆ ಎಷ್ಟು ಹೊತ್ತಿಗೆ ಕರೆ ಹೋಯಿತೆಂಬ ದಾಖಲೆಯೂ ಉಳಿಯುತ್ತದೆ. ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯಂತಹ ಕಡೆ ಇದರ ಪ್ರಯೋಜನ ಇನ್ನೂ ಅಧಿಕ.

ನಮ್ಮ ಬೆಳಗಾವಿ ಜಿಲ್ಲೆಗೆ ಇಂತಹ ಸಾಹಸ ಹೊಸತೂ ಅಲ್ಲ. ಸಿ-ಡಾಟ್ ಸಂಸ್ಥೆಯ ಭಾರತೀಯ ಇಂಜಿನಿಯರರು, ಹವಾನಿಯಂತ್ರಣದ ಹಂಗಿಲ್ಲದೆ ಹಳ್ಳಿಯ ಧೂಳು ಬಿಸಿಲುಗಳಲ್ಲಿ ನಡೆಯುವಂತೆ ರೂಪಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು 1986ರಲ್ಲಿ ಮೊತ್ತಮೊದಲು ಸ್ಥಾಪಿತವಾದುದು ನಮ್ಮ ಕಿತ್ತೂರಿನಲ್ಲಿಯೇ.

ಆದರೆ ಒಂದು ಆಕ್ಷೇಪವನ್ನು ಗೌರವದಿಂದ ಒಪ್ಪಲೇಬೇಕು. ಹಳೆಯ ದೂರವಾಣಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ತು ತಂತಿಯಲ್ಲಿ ಹರಿದು ಬರುತ್ತಿದ್ದುದರಿಂದ, ಊರಿಗೆ ಊರೇ ಕತ್ತಲಾದಾಗಲೂ ಅದು ಮಾತನಾಡುತ್ತಿತ್ತು. ಐಪಿ ಫೋನಿಗಾಗಲಿ ಫೈಬರ್ ಪೆಟ್ಟಿಗೆಗಾಗಲಿ ಆ ಭಾಗ್ಯವಿಲ್ಲ. ಘಟಪ್ರಭೆ ಉಕ್ಕಿ ದಡದ ಹಳ್ಳಿಗಳಿಂದ ಜನರನ್ನು ಸಾಗಿಸಬೇಕಾದ ರಾತ್ರಿ ಕರೆಂಟು ಹೋಗಿ ಕಚೇರಿಯ ಫೋನು ಮೂಕವಾದರೆ, ಆ ವ್ಯವಸ್ಥೆಯನ್ನು ಯಾರು ತಾನೆ ನಂಬಿಯಾರು? ಆದುದರಿಂದ ಪ್ರತಿ ಪಂಚಾಯತಿಯ ಫೋನಿಗೂ ಫೈಬರ್ ಪೆಟ್ಟಿಗೆಗೂ ಯುಪಿಎಸ್ ಬ್ಯಾಟರಿಯ ಆಸರೆಯಿರಲಿ, ಹೊರಗಿನ ಜನರಿಗೂ ಆಪತ್ಕಾಲಕ್ಕೂ ಒಂದು ಸಾರ್ವಜನಿಕ ಸಂಪರ್ಕವೂ ಉಳಿಯಲಿ. ಈ ಎರಡು ಏರ್ಪಾಡುಗಳೊಡನೆ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕು ಪಂಚಾಯತಿಗಳು ತಮ್ಮ ಗ್ರಾಮಪಂಚಾಯತಿಗಳಿಗೆ ಮೇಜಿಗೊಂದು ಸಂಖ್ಯೆಯನ್ನು ಕೊಟ್ಟು, ಬರುವ ಮಳೆಗಾಲಕ್ಕೆ ಮುನ್ನವೇ ಒಳಜಾಲದ ಕರೆಗಳನ್ನು ಆರಂಭಿಸುವಂತೆ ನೋಡಿಕೊಳ್ಳಬೇಕೆಂದು ಜಿಲ್ಲಾ ಪಂಚಾಯತಿಯನ್ನು ಪ್ರಾರ್ಥಿಸುತ್ತೇನೆ.