ತಕ್ಕಡಿಯ ಮುಳ್ಳು ನಿಂತಾಗ

ಸುರಪುರವು ಗುಡ್ಡಗಳ ನಡುವೆ ಬೆಳೆದ ಊರು. ಅದರ ಓಣಿಗಳನ್ನು ಏರಿ ಇಳಿಯುವುದು ಗಟ್ಟಿಮುಟ್ಟಾದವರಿಗೇ ಬೆವರು ತರಿಸುವ ಕೆಲಸ. ಅಂಥದೊಂದು ಓಣಿಯ ಮೇಲ್ತುದಿಯ ಮನೆಯಲ್ಲಿ ನಲವತ್ತೈದು ವಯಸ್ಸಿನ ಶಿಕ್ಷಕಿಯೊಬ್ಬರು ವಾಸವಾಗಿದ್ದಾರೆಂದು ಓದುಗರು ಕಲ್ಪಿಸಿಕೊಳ್ಳಬಹುದು. ಎತ್ತರ 158 ಸೆಂಟಿಮೀಟರು, ತೂಕ 112 ಕಿಲೋ. ಮಧುಮೇಹ ಹತ್ತು ವರ್ಷದ ಸಂಗಾತಿ. ಶಾಲೆಯಿಂದ ಹಿಂದಿರುಗುವಾಗ ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡಲ್ಲದೆ ಅವರು ಮನೆಯ ಹೊಸ್ತಿಲು ಮುಟ್ಟುತ್ತಿರಲಿಲ್ಲ. ಕೊನೆಗೆ ಮನೆಯವರೆಲ್ಲ ಆಲೋಚಿಸಿ, ಕೂಡಿಟ್ಟ ಹಣವನ್ನು ತೆಗೆದು, ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಬಂದರು.

ಮೊದಲ ನಾಲ್ಕು ತಿಂಗಳು ಮನೆಯಲ್ಲಿ ಹಬ್ಬವೇ ಹಬ್ಬ. ವಾರವಾರವೂ ತೂಕ ಇಳಿಯಿತು. ಕುಪ್ಪಸಗಳನ್ನು ಎರಡು ಸಲ ಬಿಗಿ ಮಾಡಿಸಬೇಕಾಯಿತು. 112 ಇದ್ದದ್ದು 88ಕ್ಕೆ ಬಂದಿತು. ಅಲ್ಲಿಗೆ ಬಂದು ಮುಳ್ಳು ನಿಂತಿತು. ಒಂದು ವಾರ ಕಳೆಯಿತು, ಎರಡು ಕಳೆದವು, ಐದು ವಾರ ಕಳೆದರೂ ಅದು ಅಲುಗಲಿಲ್ಲ. ತಿನ್ನುವುದು ಹಿಡಿಯಷ್ಟು, ಆದರೂ ತೂಕ ಇಳಿಯದು! ಇಂಥ ಹೊತ್ತಿನಲ್ಲಿ ನೆರೆಮನೆಯ ಮಾತು ಬೇರೆ ಕಿವಿಗೆ ಬೀಳುತ್ತದೆ: “ಅಕ್ಕಾರ, ಇಷ್ಟು ರೊಕ್ಕ ಸುರದು ಹೊಟ್ಟಿ ಕೊಯ್ಸಿಕೊಂಡ್ರಿ, ಮತ್ತ ಹಂಗೇ ಅದೀರಲ್ರಿ?” ಆ ರಾತ್ರಿ ಶಿಕ್ಷಕಿ ಊಟವನ್ನೇ ಬಿಟ್ಟರು. ಮರುದಿನ ಮಧ್ಯಾಹ್ನವೂ ಬಿಟ್ಟರು.

ಈ ಶಿಕ್ಷಕಿ ಕಲ್ಪನೆಯವರಾದರೂ ಅವರ ಸಂಕಟ ಕಲ್ಪನೆಯದಲ್ಲ. ಈ ಚಿಕಿತ್ಸೆಗೆ ಒಳಗಾದವರಲ್ಲಿ ಬಹುಮಂದಿ ಒಂದಲ್ಲ ಒಂದು ಘಟ್ಟದಲ್ಲಿ ಈ ತಡೆಯನ್ನು ಕಂಡೇ ಕಾಣುತ್ತಾರೆ. ಶಸ್ತ್ರಚಿಕಿತ್ಸೆ ವಿಫಲವಾಯಿತೆಂದೋ, ತಮ್ಮಿಂದಲೇ ಏನೋ ಅಪರಾಧ ನಡೆಯಿತೆಂದೋ ಅವರು ಕುಗ್ಗಿಹೋಗುತ್ತಾರೆ. ಎರಡೂ ನಿಜವಲ್ಲ. ಏಕೆ ನಿಜವಲ್ಲವೆಂಬುದನ್ನು ತಿಳಿಯಬೇಕಾದರೆ ದೇಹದ ಲೆಕ್ಕಪತ್ರವನ್ನು ಕೊಂಚ ಬಿಚ್ಚಿ ನೋಡಬೇಕು.

ಜಠರವನ್ನು ಕಿರಿದುಗೊಳಿಸಿ ಕರುಳಿಗೆ ಅಡ್ಡದಾರಿ ಜೋಡಿಸುವ ಚಿಕಿತ್ಸೆಯನ್ನು ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1966ರಲ್ಲಿ ಆರಂಭಿಸಿದರು. ಅದು ಇಂದು ಬಹಳ ಸುಧಾರಿಸಿ, ಸಣ್ಣ ರಂಧ್ರಗಳ ಮೂಲಕವೇ ನಡೆಯುತ್ತದೆ. ಒಂದು ಬಗೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕು ಕತ್ತರಿಸಿ ತೆಗೆದು, ಉಳಿದುದನ್ನು ಕೊಳವೆಯಂತೆ ಮಾಡುತ್ತಾರೆ. ಇನ್ನೊಂದು ಬಗೆಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವನ್ನು ಮಾಡಿ ಅದಕ್ಕೆ ಕರುಳನ್ನು ಜೋಡಿಸುತ್ತಾರೆ. ಎರಡರಲ್ಲಿಯೂ ಊಟ ಕಡಮೆಯಾಗುತ್ತದೆ. ಅದಲ್ಲದೆ ಹಸಿವೆಯನ್ನು ಎಬ್ಬಿಸುವ ಮತ್ತು ತಣಿಸುವ ರಸಗಳ ಪ್ರಮಾಣವೂ ಮಾರ್ಪಡುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದ ಗ್ರೆಲಿನ್ ಎಂಬ ಹಸಿವಿನ ರಸವು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಮೊದಲ ಬಗೆಯ ಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯುವುದು ಆ ಭಾಗವನ್ನೇ.

ಹೀಗಿದ್ದೂ ತೂಕ ನಿಲ್ಲುವುದೇತಕ್ಕೆ? ನಿಲುಗಡೆಗಳು ಒಂದೇ ತೆರನಾದುವಲ್ಲ. ಮೊದಲನೆಯದು ಸಾಮಾನ್ಯವಾಗಿ ಮೂರನೆಯ ವಾರದ ಆಸುಪಾಸಿನಲ್ಲಿ ಬರುತ್ತದೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್ ಎಂಬ ಪಿಷ್ಟ ಪದಾರ್ಥ ಶೇಖರವಾಗಿರುತ್ತದೆ. ಅದರ ಒಂದೊಂದು ಗ್ರಾಮೂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಆಹಾರ ಕಡಮೆಯಾದೊಡನೆ ಈ ಶೇಖರ ಕರಗಿ ನೀರೂ ಹೊರಹೋಗುವುದರಿಂದ ತೂಕ ಧಡಧಡನೆ ಇಳಿಯುತ್ತದೆ. ತರುವಾಯ ಊಟ ಒಂದು ಕ್ರಮಕ್ಕೆ ಬಂದಾಗ ಶೇಖರವು ಮತ್ತೆ ಕೊಂಚ ತುಂಬಿಕೊಂಡು ನೀರೂ ಮರಳುತ್ತದೆ. ಒಳಗೆ ಕೊಬ್ಬು ಕರಗುತ್ತಿದ್ದರೂ ಹೊರಗೆ ಮುಳ್ಳು ಅಲುಗದು. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಗಳ ಕೊರತೆ ಬೀಳಬೇಕು. ದಿನಕ್ಕೆ 500ರ ಕೊರತೆ ಎಂದರೆ ಹದಿನೈದು ದಿನಕ್ಕೆ ಒಂದು ಕಿಲೋ. ದೇಹದ ನೀರಾದರೋ ಒಂದೆರಡು ದಿನಗಳಲ್ಲೇ ಕಿಲೋಗಟ್ಟಲೆ ಹೆಚ್ಚುಕಡಮೆ ಆಗಬಲ್ಲದು. ಹದಿನೈದು ದಿನದ ಕಷ್ಟಾರ್ಜಿತವನ್ನು ಒಂದು ತಂಬಿಗೆ ನೀರು ಮರೆಮಾಡುವುದು ಹೀಗೆ.

ಎರಡನೆಯ ಕಾರಣ ಇನ್ನೂ ಸರಳ. ದೊಡ್ಡ ಮನೆಗೆ ಖರ್ಚು ಹೆಚ್ಚು, ಸಣ್ಣ ಮನೆಗೆ ಕಡಮೆ. ವೈದ್ಯರು ಬಳಸುವ ಒಂದು ಸೂತ್ರದಂತೆ ಲೆಕ್ಕ ಹಾಕಿದರೆ, 112 ಕಿಲೋ ಇದ್ದಾಗ ಆ ಶಿಕ್ಷಕಿಯ ದೇಹಕ್ಕೆ ಸುಮ್ಮನೆ ಮಲಗಿರುವುದಕ್ಕೇ ದಿನಕ್ಕೆ ಸುಮಾರು 1,720 ಕ್ಯಾಲೊರಿ ಬೇಕಿತ್ತು. 88 ಕಿಲೋಗೆ ಇಳಿದ ಮೇಲೆ 1,480 ಸಾಕು. ದಿನಕ್ಕೆ 240ರಷ್ಟು ಖರ್ಚು ತಾನಾಗಿಯೇ ತಗ್ಗಿತು. ಅಷ್ಟರಲ್ಲಿ ಊಟದ ಪ್ರಮಾಣ ಮೆಲ್ಲಮೆಲ್ಲನೆ ಏರಿರುತ್ತದೆ. ಆದಾಯ ವೆಚ್ಚಗಳು ಹತ್ತಿರ ಬಂದವು, ತೂಕ ನಿಧಾನವಾಯಿತು.

ಮೂರನೆಯದು ಎಲ್ಲಕ್ಕಿಂತ ಕುತೂಹಲಕರವಾದುದು. ಕಲ್ಯಾಣ ಕರ್ನಾಟಕದ ಜನಕ್ಕೆ ಬರಗಾಲವನ್ನು ಪರಿಚಯಿಸಬೇಕಾದುದಿಲ್ಲ. 1876ರಿಂದ 1878ರ ವರೆಗೆ ದಖ್ಖನವನ್ನು ಸುಟ್ಟ ಮಹಾಕ್ಷಾಮದ ಕಥೆಗಳು ಹಲವು ಮನೆತನಗಳಲ್ಲಿ ಉಳಿದುಬಂದಿವೆ. ಬರ ಬಂದಾಗ ಜಾಣೆಯಾದ ಗೃಹಿಣಿ ಹಗೇವಿನ ಜೋಳವನ್ನು ಅಳೆದು ಅಳೆದು ತೆಗೆಯುವಂತೆ, ದೇಹವೂ ಕೊರತೆಯನ್ನು ಕಂಡೊಡನೆ ತನ್ನ ವೆಚ್ಚವನ್ನು ಬಿಗಿಹಿಡಿಯುತ್ತದೆ. ಶಸ್ತ್ರಚಿಕಿತ್ಸೆಗೂ ಕ್ಷಾಮಕ್ಕೂ ಇರುವ ಭೇದ ಅದಕ್ಕೆ ತಿಳಿಯದು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ 36 ಮಂದಿ ತರುಣ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿ ಪರೀಕ್ಷಿಸಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆದರೆ ವಿಶ್ರಾಂತಿಯಲ್ಲಿ ದೇಹ ಮಾಡುವ ವೆಚ್ಚವು ಸುಮಾರು ಶೇಕಡ 40ರಷ್ಟು ಕುಗ್ಗಿಹೋಗಿತ್ತು. 2016ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು, ದೂರದರ್ಶನದ ತೂಕ ಇಳಿಸುವ ಪಂದ್ಯದಲ್ಲಿ ಭಾಗವಹಿಸಿದ್ದ 14 ಮಂದಿ ಅಮೆರಿಕನ್ನರನ್ನು ಆರು ವರ್ಷಗಳ ಅನಂತರ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಅವರ ದೇಹಗಳು ಆಗಲೂ, ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಮೆ ವ್ಯಯಿಸುತ್ತಿದ್ದವು. ಉಪವಾಸದಿಂದಲೇ ದೇಹವನ್ನು ಗೆಲ್ಲಹೊರಟವರು ಏಕೆ ಸೋಲುತ್ತಾರೆಂಬುದು ಇದರಿಂದ ತಿಳಿಯುತ್ತದೆ. ಹಸಿವಿನ ರಸಗಳನ್ನೇ ಮಾರ್ಪಡಿಸುವುದರಿಂದ ಶಸ್ತ್ರಚಿಕಿತ್ಸೆಯು ಈ ಪ್ರತಿಭಟನೆಯನ್ನು ಬಹುಮಟ್ಟಿಗೆ ಮಣಿಸುತ್ತದೆ, ಪೂರ್ತಿಯಾಗಿ ಅಳಿಸುವುದಿಲ್ಲ.

ಕೊನೆಯ ನಿಲುಗಡೆಯೊಂದುಂಟು. ಅದು ಒಂದು ವರ್ಷದಿಂದ ಎರಡು ವರ್ಷಗಳ ನಡುವೆ ಬರುತ್ತದೆ, ಮತ್ತು ಬರಲೇಬೇಕು. ತೂಕ ಎಂದೆಂದಿಗೂ ಇಳಿಯುತ್ತ ಹೋದರೆ ಮನುಷ್ಯನೇ ಉಳಿಯನು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದರಲ್ಲಿ, ಕರುಳಿನ ಅಡ್ಡದಾರಿಯ ಚಿಕಿತ್ಸೆ ಪಡೆದವರು ಮೊದಲೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳಾದಾಗ ಅದು ಶೇಕಡ 25ಕ್ಕೆ ನೆಲೆನಿಂತಿತ್ತು. ಸ್ವಲ್ಪ ಮರಳಿ ಬಂದಿತು, ನಿಜ. ಆದರೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವುಗಳು ಕಡಮೆಯಾಗಿದ್ದವೆಂದು 2007ರಲ್ಲಿ ಅದೇ ಅಧ್ಯಯನ ತೋರಿಸಿಕೊಟ್ಟಿತು. ಚಿಕಿತ್ಸೆಯ ಸಾಫಲ್ಯವನ್ನು ಅಳೆಯಬೇಕಾದುದು ಹೀಗೆ; ಮದುವೆಯ ಮಂಟಪದಲ್ಲಿ ನೆಂಟರು ಆಡುವ ಮಾತಿನಿಂದಲ್ಲ.

ಇನ್ನು ಮುಳ್ಳು ನಿಂತಾಗ ಮನೆಗಳಲ್ಲಿ ನಡೆಯುವುದೇನು? ಮೊದಲು ಊಟ ಬಿಡುತ್ತಾರೆ. ಆಮೇಲೆ ಮಾತ್ರೆಗಳನ್ನು ಬಿಡುತ್ತಾರೆ. “ಇಳಿಯುವುದೇ ನಿಂತ ಮೇಲೆ ಈ ಗುಳಿಗೆ ಯಾಕ?” ಎಂಬ ತರ್ಕ ಅಲ್ಲಿ ಕೇಳಿಬರುತ್ತದೆ. ಇದರಷ್ಟು ಅಪಾಯಕರವಾದುದು ಮತ್ತೊಂದಿಲ್ಲ. ಈ ಚಿಕಿತ್ಸೆಯ ತರುವಾಯ ಬಿ12, ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳನ್ನು ದೇಹವು ಆಹಾರದಿಂದ ಸಾಕಷ್ಟು ಹೀರಲಾರದು. ವೈದ್ಯರು ಹೇಳಿದ ಮಾತ್ರೆಗಳು ಜೀವನಪರ್ಯಂತದವು. ಊಟದಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಸಾಲದೆ ಹೋದರೆ ದೇಹವು ಕೊಬ್ಬಿನೊಡನೆ ಸ್ನಾಯುವನ್ನೂ ಸುಡುತ್ತದೆ. ಸ್ನಾಯು ಕುಗ್ಗಿದರೆ ದೇಹದ ವೆಚ್ಚ ಇನ್ನೂ ಕುಗ್ಗುತ್ತದೆ. ಮುಳ್ಳನ್ನು ಅಲುಗಿಸಬೇಕೆಂದು ಮಾಡಿದ ಉಪವಾಸವು ಮುಳ್ಳನ್ನು ಇನ್ನೂ ಗಟ್ಟಿಯಾಗಿ ಹೂಳುತ್ತದೆ. ಶ್ರಾವಣ ಸೋಮವಾರದ ಒಪ್ಪತ್ತಾಗಲಿ, ರಂಜಾನಿನ ರೋಜಾ ಆಗಲಿ, ಇಂಥವರು ವೈದ್ಯರನ್ನು ಕೇಳಿಯೇ ಹಿಡಿಯತಕ್ಕುದು.

ಹಾಗಾದರೆ ಮಾಡಬೇಕಾದುದೇನು? ಯಾದಗಿರಿ, ಶಹಾಪುರ, ಸುರಪುರಗಳ ಅಡುಗೆಮನೆಯಲ್ಲಿಯೇ ಉತ್ತರವಿದೆ. ವೈದ್ಯರು ಸಾಮಾನ್ಯವಾಗಿ ದಿನಕ್ಕೆ 60 ಗ್ರಾಮಿಗೆ ಕಡಮೆಯಾಗದಂತೆ ಪ್ರೋಟೀನು ಬೇಕೆನ್ನುತ್ತಾರೆ. ಐವತ್ತು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 11 ಗ್ರಾಂ, ಮೂವತ್ತು ಗ್ರಾಂ ಹೆಸರನ್ನು ಮೊಳಕೆ ಕಟ್ಟಿದರೆ 7, ನಾನೂರು ಮಿಲಿಲೀಟರು ಹಾಲಿನಲ್ಲಿ 13, ಇನ್ನೂರು ಗ್ರಾಂ ಮೊಸರಿನಲ್ಲಿ 6, ಐವತ್ತು ಗ್ರಾಂ ಪನೀರಿನಲ್ಲಿ 9, ಸಣ್ಣದೊಂದು ಜೋಳದ ರೊಟ್ಟಿಯಲ್ಲಿ 4. ತತ್ತಿ ತಿನ್ನುವವರಿಗೆ ಒಂದೊಂದಕ್ಕೂ 6 ಗ್ರಾಂ ದೊರೆಯುತ್ತದೆ. ಊಟಕ್ಕೆ ಕುಳಿತಾಗ ಮೊದಲು ಬೇಳೆ, ಮೊಳಕೆ ಕಾಳು, ಮೊಸರು. ಆಮೇಲೆ ಪುಂಡಿಪಲ್ಯವೋ ಮತ್ತಾವುದೋ ಸೊಪ್ಪು. ಹೊಟ್ಟೆಯಲ್ಲಿ ಜಾಗ ಉಳಿದರೆ ರೊಟ್ಟಿ. ರೊಟ್ಟಿಯನ್ನೇ ಮೊದಲು ಮಾಡುವ ನಮ್ಮ ಪದ್ಧತಿಯನ್ನು ಇಲ್ಲಿ ತಿರುವು ಮಾಡಬೇಕಾಗುತ್ತದೆ. ನೀರನ್ನು ಊಟದ ಜೊತೆಯಲ್ಲಿ ಕುಡಿಯದೆ, ಊಟವಾಗಿ ಅರ್ಧ ಗಂಟೆಯ ಮೇಲೆ ಗುಟುಕುಗುಟುಕಾಗಿ ಕುಡಿಯತಕ್ಕುದು. ಈ ಸೀಮೆಯ ಬೇಸಗೆಯಲ್ಲಂತೂ ನೀರನ್ನು ಮರೆಯುವಂತಿಲ್ಲ.

ಸದ್ದಿಲ್ಲದೆ ಒಳನುಗ್ಗುವ ಕಳ್ಳರೂ ಇದ್ದಾರೆ. ಹಾಲು ಮತ್ತು ಎರಡು ಚಮಚ ಸಕ್ಕರೆ ಬೆರೆತ ಚಹದ ಒಂದು ಕಪ್ಪಿನಲ್ಲಿ ಸುಮಾರು 100 ಕ್ಯಾಲೊರಿಗಳಿರುತ್ತವೆ. ಶಾಲೆಯಲ್ಲಿ ಎರಡು, ಮನೆಯಲ್ಲಿ ಎರಡು ಎಂದರೆ 400 ಆಯಿತು. ರೊಟ್ಟಿ ಪುಟ್ಟ ಜಠರದಲ್ಲಿ ತಡೆದು ನಿಲ್ಲುತ್ತದೆ. ಚಹ, ಸೂಸಲ, ಬಿಸ್ಕತ್ತುಗಳು ಸರಾಗವಾಗಿ ಜಾರಿಹೋಗುತ್ತವೆ. ಶೇಂಗಾ ಹಿಂಡಿ ಒಳ್ಳೆಯದೇ; ಆದರೆ ದೊಡ್ಡ ಚಮಚವೊಂದಕ್ಕೆ 80ಕ್ಕೂ ಹೆಚ್ಚು ಕ್ಯಾಲೊರಿ. ಎಳ್ಳ ಅಮಾವಾಸ್ಯೆಯ ಚರಗದಲ್ಲಿ ಸಜ್ಜೆಯ ಕಡುಬು, ಮೈಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ಮಿರ್ಚಿ ಭಜಿ, ಇವನ್ನು ಒಂದು ದಿನ ರುಚಿ ನೋಡಿದರೆ ಯಾರೂ ಕೆಡುವುದಿಲ್ಲ. ದಿನವೂ ಚೂರುಚೂರಾಗಿ ಮೆಲ್ಲುವ ಅಭ್ಯಾಸವೇ ಕೆಡುಕು. ಒಂದು ವಾರ ತಿಂದುದನ್ನೂ ಕುಡಿದುದನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ಕಳ್ಳರು ತಾವಾಗಿಯೇ ಸಿಕ್ಕಿಬೀಳುತ್ತಾರೆ.

ನಡಿಗೆ ಬೇಕು, ನಡಿಗೆಯೊಂದೇ ಸಾಲದು. ಬಿಸಿಲೇರುವ ಮೊದಲು ಯಾದಗಿರಿಯ ಕೋಟೆ ಬೆಟ್ಟದ ಬುಡದಲ್ಲಿಯೋ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಗುಡ್ಡಗಳೆದುರಿನ ದಾರಿಯಲ್ಲಿಯೋ ವಾರಕ್ಕೆ 150 ನಿಮಿಷ ನಡೆಯಬಹುದು. ಅದರೊಡನೆ ಸ್ನಾಯುಗಳಿಗೆ ಭಾರದ ಕೆಲಸವೂ ಇರಬೇಕು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಅರ್ಧ ತುಂಬಿದ ನೀರಿನ ಬಾಟಲಿಗಳನ್ನು ಎತ್ತಿಳಿಸುವುದು ಮೊದಲಾದುವು ಮನೆಯಲ್ಲಿಯೇ ಆಗುವಂಥವು. ತೂಕವನ್ನು ದಿನಕ್ಕೆ ಮೂರು ಸಲ ನೋಡುವುದನ್ನು ಬಿಟ್ಟು ವಾರಕ್ಕೊಮ್ಮೆ ನೋಡಿ, ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಸೊಂಟವನ್ನು ಅಳೆದುಕೊಳ್ಳುವುದು ಮೇಲು. ಮುಳ್ಳು ನಿಂತಿರುವಾಗಲೇ ಟೇಪು ಕಿರಿದಾಗುವುದುಂಟು.

ಎಲ್ಲ ಕ್ರಮವನ್ನೂ ಪಾಲಿಸಿದರೂ ಎರಡು ಮೂರು ತಿಂಗಳು ಅಲುಗದಿದ್ದರೆ, ಇಲ್ಲವೆ ತೂಕ ಮರಳಿ ಏರತೊಡಗಿದರೆ, ವೈದ್ಯರಲ್ಲಿಗೆ ಹೋಗಬೇಕು. ಥೈರಾಯಿಡ್ ಗ್ರಂಥಿಯ ದೋಷ, ಇನ್ಸುಲಿನ್ ಮತ್ತು ಸ್ಟೀರಾಯಿಡ್ ಮೊದಲಾದ ಔಷಧಗಳು, ನಿದ್ರೆಗೇಡು, ಮನಸ್ಸಿನ ಕುಗ್ಗು, ಇವೆಲ್ಲವೂ ತೂಕವನ್ನು ಹಿಡಿದು ನಿಲ್ಲಿಸಬಲ್ಲವು. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ತೂಕದ ಚುಚ್ಚುಮದ್ದುಗಳೂ 2025ರಲ್ಲಿ ಭಾರತದ ಪೇಟೆಗೆ ಬಂದಿವೆ. ಅವು ಯಾರಿಗೆ ತಕ್ಕವೆಂಬುದನ್ನು ತಜ್ಞರೇ ಹೇಳಬೇಕು. ಬಿಡದ ವಾಂತಿ, ಕಾಲು ಜೋಮು ಹಿಡಿಯುವುದು, ತೂರಾಡುವುದು ಕಂಡರಂತೂ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗತಕ್ಕುದು. ಅದು ಬಿ1 ಜೀವಸತ್ವದ ಕೊರತೆಯಾಗಿದ್ದರೆ ನರಗಳಿಗೆ ಕಾಯಂ ಹಾನಿಯಾದೀತು.

ಇಲ್ಲಿಯವರ ನಿಜವಾದ ತೊಡಕು ದೂರದ್ದು. ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಆಗಿರುತ್ತದೆ. ಮರುಪರೀಕ್ಷೆಗೆ ಹೋಗಬೇಕೆಂದರೆ ರಜೆ, ರೈಲು, ಜೊತೆಗೊಬ್ಬರು, ಖರ್ಚು. ಹೀಗಾಗಿ ಎರಡನೆಯ ಭೇಟಿಯೇ ತಪ್ಪಿಹೋಗುತ್ತದೆ. ಇದಕ್ಕೊಂದು ದಾರಿಯುಂಟು. ರಕ್ತಪರೀಕ್ಷೆಯನ್ನು ಊರಿನಲ್ಲಿಯೇ ಮಾಡಿಸಿ, ಫಲಿತಾಂಶವನ್ನು ಫೋನಿನಲ್ಲಿ ಶಸ್ತ್ರವೈದ್ಯರಿಗೆ ಕಳಿಸಿ, ಅವರ ಸಲಹೆಯನ್ನು ಊರಿನ ವೈದ್ಯರ ಮೂಲಕ ಪಾಲಿಸಬಹುದು. ಹೀಗೆ ಮಾಡಲಾದೀತೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಮನೆಯವರ ಪಾಲೂ ಇದರಲ್ಲಿ ಸಣ್ಣದಲ್ಲ. ಗಂಡನು ಪ್ರತಿದಿನ “ಇವತ್ತು ಎಷ್ಟು?” ಎಂದು ಕೇಳುವುದನ್ನು ನಿಲ್ಲಿಸಿ, ಬೆಳಗಿನ ನಡಿಗೆಗೆ ಜೊತೆಯಾದರೆ ಅದೇ ದೊಡ್ಡ ಔಷಧ. ಮೊದಲು ಹೇಳಿದ ಶಿಕ್ಷಕಿಯ ಮನೆಯಲ್ಲಿ ತಿಳಿವಳಿಕೆ ಬಂದುದು ಅತ್ತೆಯವರಿಂದ ಎಂದಿಟ್ಟುಕೊಳ್ಳಬಹುದು. ಎರಡು ಹೊತ್ತು ಊಟ ಬಿಟ್ಟ ಸೊಸೆಯ ಮುಂದೆ ಅವರು ಬೇಳೆಯ ಬಟ್ಟಲನ್ನು ತಂದಿಟ್ಟು ಹೇಳಿದರು: “ತಕ್ಕಡಿ ನೋಡಬ್ಯಾಡ ಯವ್ವಾ. ನಿನ್ನೆ ಸಾಲಿಯಿಂದ ಬರಾಗ ದಾರ್‍ಯಾಗ ಎಷ್ಟು ಸಲ ನಿಂತಿ?”

ಸೊಸೆ ನೆನಪು ಮಾಡಿಕೊಂಡರು. ಒಂದು ಸಲವೂ ನಿಂತಿರಲಿಲ್ಲ. ಅವರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.