ದಿಮ್ಮಿ ಮಾರುವವರು, ಹಲಗೆ ಮಾರುವವರು

ಪುಣೆಯ ನಮ್ಮ ಕಚೇರಿಗೆ ವಿದೇಶದಿಂದ ಸರ್ವರ್‌ಗಳು ಬರುವುದು ಪೈನ್ ಮರದ ಪೆಟ್ಟಿಗೆಗಳಲ್ಲಿ. ಮರುದಿನ ಆ ಪೆಟ್ಟಿಗೆ ನಮಗೆ ರದ್ದಿ. ಆದರೆ ಪೈನ್, ಸ್ಪ್ರೂಸ್, ಫರ್‌ನಂಥ ಈ ಮೃದುಮರಕ್ಕಾಗಿ ದೇಶದೇಶಗಳು ದಶಕಗಳಿಂದ ಜಗಳವಾಡುತ್ತಿವೆ. ಆ ಜಗಳದಲ್ಲಿ ನಮಗೂ ಒಂದು ಪಾಠವಿದೆ.

ಕೆನಡಾದ ಕಾಡು ಬಹುಪಾಲು ಸರ್ಕಾರದ್ದು. ಮರ ಕಡಿಯುವ ಶುಲ್ಕವನ್ನು ಅಲ್ಲಿನ ಪ್ರಾಂತ್ಯಗಳೇ ನಿಗದಿ ಮಾಡುತ್ತವೆ. ಈ ಶುಲ್ಕ ತೀರಾ ಕಡಿಮೆ, ಇದೊಂದು ಸಬ್ಸಿಡಿ ಎಂದು ಅಮೆರಿಕದ ಮಿಲ್ಲಿನವರು 1982ರಲ್ಲಿ ತೆಗೆದ ತಕರಾರು ಇಂದಿಗೂ ಮುಗಿದಿಲ್ಲ. 2006ರ ಒಪ್ಪಂದದ ಅವಧಿ 2015ರಲ್ಲಿ ಮುಗಿಯಿತು. 2017ರಲ್ಲಿ ಸುಂಕ ಮರಳಿತು. 2025ರ ಅಕ್ಟೋಬರ್ ಹೊತ್ತಿಗೆ ಎಲ್ಲ ಸೇರಿ ಸುಮಾರು ಶೇ 45ಕ್ಕೆ ಮುಟ್ಟಿತು. ಕೆನಡಾ ಮರವನ್ನು ಹಲಗೆ ಮಾಡಿಯೇ ಮಾರುತ್ತದೆ, ನಿಜ. ಆದರೆ ದೊಡ್ಡ ಗಿರಾಕಿ ಒಬ್ಬನೇ. ಕೀಟಬಾಧೆ, ಕಾಳ್ಗಿಚ್ಚುಗಳಿಂದ ಮೊದಲೇ ಸೊರಗಿದ್ದ ಬ್ರಿಟಿಷ್ ಕೊಲಂಬಿಯಾದ ಮಿಲ್ಲುಗಳಿಗೆ ಈ ಸುಂಕ ಗಾಯದ ಮೇಲೆ ಬರೆ.

ನ್ಯೂಜಿಲೆಂಡ್‌ನದು ಇನ್ನೊಂದು ಕಥೆ. ಅಲ್ಲಿ ನೆಟ್ಟು ಬೆಳೆಸಿದ ರೇಡಿಯಾಟಾ ಪೈನ್ ಮೂವತ್ತು ವರ್ಷದೊಳಗೆ ಕಡಿತಕ್ಕೆ ಬರುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಮರ ದಿಮ್ಮಿಯಾಗಿಯೇ ಹಡಗೇರುತ್ತದೆ, ಅದರಲ್ಲಿ ಬಹುಪಾಲು ಚೀನಾಕ್ಕೆ. ಕೊಯ್ಯುವ ಕೆಲಸ, ಅದರ ಕೂಲಿ, ಲಾಭ ಎಲ್ಲವೂ ಮರದ ಜೊತೆಗೇ ಹೊರಟುಹೋಗುತ್ತವೆ.

ಇದನ್ನು ತಪ್ಪಿಸಲೆಂದೇ ರಷ್ಯಾ 2022ರ ಜನವರಿ 1ರಿಂದ ಸಂಸ್ಕರಿಸದ ಮೃದುಮರದ ದಿಮ್ಮಿಗಳ ರಫ್ತು ನಿಲ್ಲಿಸಿತು. ಅದೇ ವರ್ಷ ಉಕ್ರೇನ್ ಯುದ್ಧ ಶುರುವಾಗಿ, ಯುರೋಪ್ ಒಕ್ಕೂಟ ರಷ್ಯಾದ ಮರಕ್ಕೆ ಬಾಗಿಲು ಹಾಕಿತು. ಮಿಲ್ಲಿದ್ದರೆ ಸಾಲದು, ಮಾರುಕಟ್ಟೆಯೂ ಬೇಕು.

ನನಗೆ ಹಿಡಿಸಿದ್ದು ಸ್ವೀಡನ್. ಅಲ್ಲಿನ ಕಾಡಿನಲ್ಲಿ ಸುಮಾರು ಅರ್ಧ ಸಾಮಾನ್ಯ ಕುಟುಂಬಗಳ ಕೈಯಲ್ಲಿದೆ. ಸೋಡ್ರಾ ಎಂಬ ಸಹಕಾರ ಸಂಘದಲ್ಲಿ 50 ಸಾವಿರದಷ್ಟು ಅರಣ್ಯ ಮಾಲೀಕರು ಸದಸ್ಯರು, ಸಾಮಿಲ್ಲುಗಳೂ ಸಂಘದ್ದೇ. ಹೆಚ್ಚುಕಡಿಮೆ ನಮ್ಮ ಹಾಲಿನ ಡೇರಿಯ ವ್ಯವಸ್ಥೆ. ಹಲಗೆ ಮಾರುವುದು ಒಂದೇ ದೇಶಕ್ಕಲ್ಲ. ಬ್ರಿಟನ್ನಿಗೂ ಹೋಗುತ್ತದೆ, ಈಜಿಪ್ಟಿಗೂ ಹೋಗುತ್ತದೆ.

ಭಾರತ ಈ ವ್ಯಾಪಾರದಲ್ಲಿ ಕೊಳ್ಳುವ ಕಡೆಯಲ್ಲಿದೆ. ಕಾಂಡ್ಲಾ ಬಂದರಿಗೆ ಬಂದಿಳಿಯುವ ಪೈನ್ ದಿಮ್ಮಿಗಳನ್ನು ಪಕ್ಕದ ಗಾಂಧಿಧಾಮದ ಸಾಮಿಲ್ಲುಗಳು ಕೊಯ್ಯುತ್ತವೆ. ದಿಮ್ಮಿ ಕಳುಹಿಸಿದ ದೇಶ ಬಿಟ್ಟುಕೊಟ್ಟ ಕೂಲಿ ಅಲ್ಲಿನ ಕಾರ್ಮಿಕರಿಗೆ ಸಿಗುತ್ತದೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಊರಿನಲ್ಲಿ ಎರಡೋ ನಾಲ್ಕೋ ಎಕರೆ ಇಟ್ಟುಕೊಂಡು ಹೊರರಾಜ್ಯದಲ್ಲಿ ದುಡಿಯುವ ನಮ್ಮಂಥವರಲ್ಲಿ ಹಲವರು ಈಗ ಹೆಬ್ಬೇವು, ಸಿಲ್ವರ್ ಓಕ್ ನೆಡುವ ಮಾತಾಡುತ್ತಾರೆ. ನೋಡಿಕೊಳ್ಳಲು ಆಳು ಬೇಡ, ವರ್ಷಗಳ ಮೇಲೆ ಒಟ್ಟಿಗೆ ದುಡ್ಡು ಎಂಬ ಲೆಕ್ಕ. ಇವು ಪೈನ್ ಜಾತಿಯವಲ್ಲ, ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ: ಹತ್ತಿರದಲ್ಲಿ ಮಿಲ್ಲಿದೆಯೇ? ಕೊಳ್ಳುವವರು ಎಷ್ಟು ಜನ? ದರ ಹೇಳುವವರು ಯಾರು?

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸರ್ಕಾರ ಗಿಡ ಬದುಕಿಸಿದ ರೈತರಿಗೆ ಹಣ ಕೊಡುತ್ತದೆ. ಒಳ್ಳೆಯದೇ. ಇನ್ನು ಮರ ಬೆಳೆದವರಿಗೂ ಹಾಲಿನವರಂತೆ ಸಂಘ ಬೇಕು, ಸಂಘಕ್ಕೆ ಸ್ವಂತ ಸಾಮಿಲ್ಲು ಬೇಕು. ಅಲ್ಲಿಯವರೆಗೆ, ಈ ಸಲ ಊರಿಗೆ ಹೋದಾಗ ಸಸಿ ತರಲು ನರ್ಸರಿಗೆ ಹೋಗುವ ಮೊದಲು ತಾಲ್ಲೂಕಿನ ಸಾಮಿಲ್ಲಿಗೊಮ್ಮೆ ಹೋಗಿ ಬನ್ನಿ.